ಕಂತಿಲ್ಲದ ಕಾರು

ಆರು ತಿಂಗಳ ಹಿಂದೆ ದಾದರಿನ ಒಂದು ಮದುವೆಯೂಟದಲ್ಲಿ, ಎಲೆಗೆ ಪಾಯಸ ಬೀಳುವ ಹೊತ್ತಿಗೆ ಸರಿಯಾಗಿ, ಸದಾನಂದ ಒಂದು ಸುಳ್ಳು ಹೇಳಿದ್ದ. ಹೇಳುವಾಗ ಅದು ಒಂದೇ ಶಬ್ದದಷ್ಟಿತ್ತು.

ಪಂಕ್ತಿಯ ಆ ತುದಿಯಲ್ಲಿ ಕೂತಿದ್ದ ಸೋದರಮಾವ ಮೋನಪ್ಪನವರು ಕೂಗಿ ಕೇಳಿದ್ದರು, "ಹೋಯ್ ಸದಾ, ಹೊಸ ಕಾರು ತಗೊಂಡೆಯಂತೆ! ಕಂತಿನದ್ದಾ?"

ಪಂಕ್ತಿಯಲ್ಲಿ ನೂರು ಮಂದಿ. ನೂರು ಕೈಗಳು ಬಾಯಿಗೆ ಹೋಗುವ ದಾರಿಯಲ್ಲೇ ನಿಂತವು.

"ಇಲ್ಲ ಮಾವ, ನಗದು" ಎಂದುಬಿಟ್ಟ ಸದಾನಂದ.

ನಿಜವಾಗಿ ಆ ಫಿಯಟ್ ಕಾರಿಗೆ ಇಪ್ಪತ್ತನಾಲ್ಕು ಕಂತುಗಳಿದ್ದವು. ತಿಂಗಳಿಗೆ ಮುನ್ನೂರು ರೂಪಾಯಿ. ಸಾಂತಾಕ್ರೂಜ್ ಸ್ಟೇಷನ್ನಿನ ಎದುರು ಎಂಟು ಮೇಜಿನ ಹೋಟೇಲು ಇಟ್ಟವನಿಗೆ ಆ ಮುನ್ನೂರು ಹೊಂದಿಸುವುದೆಂದರೆ, ತಿಂಗಳ ಮೊದಲ ನಾಲ್ಕು ದಿನ ಗಿರಾಕಿಗಳು ಸಾಂಬಾರಿನಲ್ಲಿ ಬೇಳೆ ಹುಡುಕಬೇಕಾಗುತ್ತಿತ್ತು. ಆದರೆ ಮೋನಪ್ಪನವರ ಎದುರು ಕಂತು ಎನ್ನುವ ಮಾತೇ ಆಡುವಂತಿರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದು, ಲೋಟ ತೊಳೆದು, ಒಂದು ಪೈಸೆ ಸಾಲವಿಲ್ಲದೆ ದಾದರಿನಲ್ಲಿ ನಲ್ವತ್ತು ಮೇಜಿನ ಹೋಟೇಲು ಕಟ್ಟಿದವರು ಅವರು. ಸಾಲ ಮಾಡುವವನನ್ನೂ, ಚಹಾ ಕುಡಿದು ದುಡ್ಡು ಕೊಡದೆ ಹಿಂಬಾಗಿಲಿನಿಂದ ಜಾರುವವನನ್ನೂ ಅವರು ಒಂದೇ ಕಣ್ಣಿನಿಂದ ನೋಡುತ್ತಿದ್ದರು.

ಆ ಹೋಟೇಲಿನ ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಯಜಮಾನನಾಗಿ, ಮುಂದೆ ಯಾರು ಕೂರಬೇಕು ಎನ್ನುವುದು ಒಂದು ವರ್ಷದಿಂದ ತೀರ್ಮಾನವಾಗದೆ ಉಳಿದಿತ್ತು. ಅವರ ಕುಟುಂಬದ ಕಟ್ಟಿನಲ್ಲಿ ಗಂಡಸಿನ ಆಸ್ತಿ ಹೋಗುವುದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಮೋನಪ್ಪನವರಿಗೆ ಅಂಥ ಅಳಿಯಂದಿರು ಇಬ್ಬರೇ. ಅಕ್ಕನ ಮಗ ಸದಾನಂದ, ತಂಗಿಯ ಮಗ ಅಣ್ಣು. "ಸಾಲ ಇರುವವನ ಕೈಗೆ ನನ್ನ ಗಲ್ಲೆಯ ಬೀಗದಕೈ ಕೊಡುವುದಿಲ್ಲ" ಎಂದು ಮಾವ ಮೊದಲೇ ಹೇಳಿಬಿಟ್ಟಿದ್ದರು.

ಆ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಸದಾನಂದನ ಹೋಟೇಲಿನ ಫೋನು ಬಡಿದುಕೊಂಡಿತು.

"ಸದಾ, ಸಂಜೆ ಐದಕ್ಕೆ ನಿನ್ನ ಮನೆಗೆ ಬರ್ತೇನೆ" ಎಂದರು ಮಾವ. "ಗಲ್ಲೆಯ ವಿಷಯ ಇವತ್ತೇ ಮುಗಿಸುವ. ನಿನ್ನ ಕಾರನ್ನೂ ನೋಡಿದ ಹಾಗಾಯ್ತು. ಕಾರಿನ ಕಾಗದಪತ್ರ ಎಲ್ಲ ತೆಗೆದಿಡು, ಒಮ್ಮೆ ಕಣ್ಣಾಡಿಸ್ತೇನೆ."

ಫೋನು ಇಟ್ಟ ಸದಾನಂದನ ಮುಖ ಉಪ್ಪು ಹಾಕದೆ ಬೇಯಿಸಿದ ಇಡ್ಲಿಯ ಹಾಗಾಯಿತು. ಕಾಗದಪತ್ರ! ಕಾರಿನ ಕಾಗದದ ಮೊದಲ ಸಾಲಿನಲ್ಲೇ ಕಾಲ್ಬಾದೇವಿಯ ಫೈನಾನ್ಸ್ ಆಫೀಸಿನ ಹೆಸರು ದಪ್ಪ ಅಕ್ಷರದಲ್ಲಿ ಕೂತಿತ್ತು.

ಅವನು ಮನೆಗೆ ಓಡಿದ. ಹೆಂಡತಿ ವಿನೋದಿನಿ ವಿಷಯ ಕೇಳಿ ಕೈಯಲ್ಲಿದ್ದ ಸೌಟನ್ನು ಹಾಲಿನ ಪಾತ್ರೆಗೆ ಬಿಟ್ಟಳು.

"ನಾನು ಅವತ್ತೇ ಹೇಳಿದ್ದೆ, ಹೌದು ಕಂತಿನದ್ದು ಅಂತ ಹೇಳಿಬಿಡಿ ಅಂತ."

"ನೂರು ಜನರ ಎದುರು ಹೇಗೆ ಹೇಳುವುದು ಮಾರಾಯ್ತಿ?"

"ಇವತ್ತು ಒಬ್ಬರ ಎದುರು ಹೇಳಿ."

"ಆ ಒಬ್ಬರ ಎದುರು ಹೇಳುವುದಕ್ಕಿಂತ ಸಾವಿರ ಜನರ ಎದುರು ಹೇಳಬಹುದು!"

ಗೋಡೆಗಳು ತೆಳ್ಳಗಿದ್ದ ಬಿಲ್ಡಿಂಗು ಅದು. ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬರು ಮೇಲಿನ ಮಾಳಿಗೆಯ ಪರಪ್ಪ. ಬೆಳಗಾವಿ ಕಡೆಯವರು, ದಾದರಿನಲ್ಲಿ ಅರಿವೆ ಅಂಗಡಿ. ಹಿಂದೊಮ್ಮೆ ಅವರ ಕಾಕಾನ ಹತ್ತಿರ ಒಂದು ಲಾರಿ ಇತ್ತಾದ್ದರಿಂದ ಬಿಲ್ಡಿಂಗಿನಲ್ಲಿ ಗಾಡಿಗಳ ವಿಷಯಕ್ಕೆ ಅವರೇ ಪಂಡಿತರು. ಇನ್ನೊಬ್ಬರು ಪಕ್ಕದ ಖೋಲಿಯ ನೀಲಾವತಿಯಕ್ಕ. ಅವರು ಯಾವ ವಿಷಯದಲ್ಲೂ ಪಂಡಿತರಲ್ಲ, ಆದರೆ ಯಾವ ವಿಷಯವನ್ನೂ ಬಿಟ್ಟವರಲ್ಲ.

"ಇಷ್ಟಕ್ಕ್ಯಾಕ ಗಾಬರಿ ಆಗ್ತೀರಿ ಸದಾನಂದಣ್ಣಾರ?" ಎಂದರು ಪರಪ್ಪ. "ಮಾವಗ ಕಂತಿಲ್ಲದ ಕಾರು ತೋರಸಬೇಕು, ಹೌದಿಲ್ಲೋ? ಹೊಸಾದು ಕೊಡ್ರಿ, ಹಳೇದು ತಗೋರಿ. ಹಳೇ ಗಾಡಿಗೆ ಯಾರು ಸಾಲ ಕೊಡ್ತಾರ? ಹಳೇದು ಅಂದ ಕೂಡ್ಲೆ ನಗದಾ ಅಂತ ಅರ್ಥ."

"ಸಂಜೆಯೊಳಗೆ ಎಲ್ಲಿಂದ ತರುವುದು?"

"ಭಾಂಡುಪಿನಾಗ ಕೊರಗಪ್ಪನ ಗ್ಯಾರೇಜ್ ಐತಲ್ಲ. ನಿಮ್ಮ ಕಡೆಯವನಾ. ಅದಲಿ ಬದಲಿ ಅವನ ಧಂದೇನ ಅದ."

"ಭಾಂಡುಪಿಗಾ?" ಎಂದರು ನೀಲಾವತಿಯಕ್ಕ. "ಹಾಗಾದರೆ ನಿಲ್ಲಿ, ನಾನೂ ಬರ್ತೇನೆ. ಅಲ್ಲಿ ನನ್ನ ತಂಗಿ ಒಂದು ಹಲಸಿನಹಣ್ಣು ತೆಗೆದಿಟ್ಟಿದ್ದಾಳೆ."

ಮನುಷ್ಯನ ಬದುಕು ಬೀದಿಗೆ ಬರುವ ಹೊತ್ತಿನಲ್ಲಿ ಹಲಸಿನಹಣ್ಣಿನ ಮಾತೇ ಎಂದು ಸದಾನಂದ ಬೆರಗಾಗಿ ನೋಡುತ್ತಿರುವಾಗಲೇ ಅವರು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಹೊಸ ಫಿಯಟ್ಟು ಕುರ್ಲಾ, ಘಾಟ್ಕೋಪರ್ ದಾಟಿ ಬೆಣ್ಣೆಯ ಮೇಲೆ ಚೂರಿ ಓಡಿದ ಹಾಗೆ ಓಡಿತು. ದಾರಿಯುದ್ದಕ್ಕೂ ಸದಾನಂದ ಒಂದು ಕೈಯಿಂದ ಸ್ಟಿಯರಿಂಗ್ ಸವರುತ್ತಿದ್ದ. ಗಂಡನ ಮನೆಗೆ ಹೋಗುವ ಮಗಳ ತಲೆ ಸವರುವ ತಂದೆಯ ಹಾಗೆ ಕಾಣುತ್ತಿದ್ದ. ನಿಜ ಹೇಳಬೇಕೆಂದರೆ ಅವನಿಗೆ ಅಳು ಬರುವುದರಲ್ಲಿತ್ತು.

ಗ್ಯಾರೇಜಿನಲ್ಲಿ ಕೊರಗಪ್ಪ ಯಾವುದೋ ಕಾರಿನ ಕೆಳಗಿನಿಂದ ಹೊರಗೆ ಬಂದು, ಎಣ್ಣೆಯ ಕೈಯನ್ನು ಅಂಗಿಗೆ ಒರೆಸಿಕೊಂಡು, ಕತೆ ಪೂರ್ತಿ ಕೇಳಿದ.

"ಧನಿಗಳೇ, ನಿಮ್ಮ ಗ್ರಹಚಾರ ಒಳ್ಳೆಯದುಂಟು. ಹೆಚ್ಚು ಓಡದ ಫಿಯಟ್ ಬೇಕು ಅಂತ ಒಂದು ಪಾರ್ಟಿ ಒಂದು ವಾರದಿಂದ ನನ್ನ ಜೀವ ತಿನ್ನುತ್ತಾ ಉಂಟು. ನೀವು ಇಷ್ಟರವರೆಗೆ ಕಟ್ಟಿದಷ್ಟು ಹಣ ಅವರು ನನಗೆ ನಗದು ಕೊಡ್ತಾರೆ. ಉಳಿದ ಹದಿನೆಂಟು ಕಂತು ಅವರ ತಲೆಗೆ. ನಿಮಗೆ ನಾನು ಆ ಕಾರು ಕೊಡ್ತೇನೆ. ಸಾಲ ಇಲ್ಲ, ಸೋಲ ಇಲ್ಲ."

ಅವನು ಬೆರಳು ತೋರಿಸಿದ ಕಡೆ ಸದಾನಂದ ನೋಡಿದ. ಹುಣಿಸೆಮರದ ಕೆಳಗೆ ಯುದ್ಧಕ್ಕಿಂತ ಹಿಂದಿನ ಒಂದು ಕಪ್ಪು ಕಾರು ಮಂಡಿಯೂರಿದ ಎಮ್ಮೆಯ ಹಾಗೆ ನಿಂತಿತ್ತು. ಅದರ ಮೇಲಿನಿಂದ ಒಂದು ಕೋಳಿ ಇಳಿದು ಹೋಯಿತು.

"ಇದು ಯಾರದ್ದಾಗಿತ್ತು?"

"ಒಬ್ಬ ಡಾಕ್ಟರದ್ದು. ಬಹಳ ಜೋಪಾನದ ಮನುಷ್ಯ. ತೀರಿಕೊಂಡರು."

"ಇದರಲ್ಲಾ?" ಎಂದ ಸದಾನಂದ ಒಂದು ಹೆಜ್ಜೆ ಹಿಂದೆ ಸರಿದು.

"ಛೆ ಛೆ! ಇದರಿಂದ ಇಳಿದ ಮೇಲೆ."

ಪರಪ್ಪ ತಲೆಯನ್ನು ಒಳಗೆ ತೂರಿಸಿ ಮೈಲಿಯ ಲೆಕ್ಕ ಓದಿದರು. "ತೊಂಬತ್ತೊಂಬತ್ತು ಸಾವಿರದ ಒಂಬೈನೂರಾ ತೊಂಬತ್ತು!"

"ಒಂದು ಲಕ್ಷ ಮೈಲಿಯಾ!" ಎಂದ ಸದಾನಂದ.

"ಅದಾ ಛಲೋ ಅಲ್ಲೇನ್ರಿ? ಹೊಸಾ ಗಾಡಿ ಮುಂದ ಓಡ್ತೈತೋ ಇಲ್ಲೋ ಯಾರಿಗೊತ್ತು? ಇದು ಲಕ್ಷ ಮೈಲು ಓಡಿ ತೋರಿಸೇತಿ. ಇಷ್ಟ ಓಡಿದ ಗಾಡಿ ಓಡೂದು ಮರೀತೈತೇನು?"

ಯೋಚಿಸಲು ಹೊತ್ತಿರಲಿಲ್ಲ. ಕೊರಗಪ್ಪ ಒಂದು ಅರ್ಜಿ ತಂದ. ಉಳಿದ ಕಂತುಗಳ ಹೊಣೆಯನ್ನು ಇಂಥವರಿಗೆ ವರ್ಗಾಯಿಸಲು ನನ್ನ ಒಪ್ಪಿಗೆ ಇದೆ ಎಂದು ಅದರಲ್ಲಿತ್ತು. ಇಂಥವರು ಎಂಬಲ್ಲಿ ಖಾಲಿ ಜಾಗ.

"ಹೆಸರು?"

"ಪಾರ್ಟಿಯ ಹೆಸರು ಪಾರ್ಟಿಗೆ ಹೇಳುವ ಕ್ರಮ ನಮ್ಮ ಧಂದೆಯಲ್ಲಿ ಇಲ್ಲ ಧನಿಗಳೇ. ಮಧ್ಯಾಹ್ನ ಅವರನ್ನೇ ಕರೆದುಕೊಂಡು ಫೈನಾನ್ಸ್ ಆಫೀಸಿಗೆ ಹೋಗ್ತೇನೆ. ಹೆಸರು ಅಲ್ಲಿಯೇ ತುಂಬಿಸ್ತಾರೆ."

ಸದಾನಂದ ಸಹಿ ಹಾಕಿದ. ಕಪ್ಪು ಕಾರಿನ ಕಾಗದ, ಮಾಲೀಕನ ಜಾಗದಲ್ಲಿ ಅವನ ಹೆಸರು ಬರೆಸಿಕೊಂಡು, ಕೈಗೆ ಬಂತು. ಹಳದಿಗಟ್ಟಿದ ಕಾಗದ, ಆದರೆ ಎಲ್ಲಿ ಹುಡುಕಿದರೂ ಸಾಲದ ಸೊಲ್ಲಿಲ್ಲ. ಆರು ತಿಂಗಳಲ್ಲಿ ಮೊದಲ ಬಾರಿಗೆ ಅವನಿಗೆ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಕಾರು ಶುರುವಾಗುವವರೆಗೆ.

ಶುರುವಾದಾಗ ಅದು ಎಂಥ ಸದ್ದು ಮಾಡಿತೆಂದರೆ, ತಂಗಿಯ ಮನೆಯಿಂದ ಹಲಸಿನಹಣ್ಣು ತಬ್ಬಿಕೊಂಡು ಬರುತ್ತಿದ್ದ ನೀಲಾವತಿಯಕ್ಕ ರಸ್ತೆಯಲ್ಲೇ ಕೂತುಬಿಟ್ಟರು. ಅವರನ್ನು ಎಬ್ಬಿಸಿ ಹಣ್ಣಿನ ಸಮೇತ ಹಿಂದೆ ಹತ್ತಿಸಿದ್ದಾಯಿತು. ಹಿಂದಿನ ಬಾಗಿಲು ಹಾಕಿಕೊಂಡಿತು. ಆಮೇಲೆ ತೆರೆಯಲಿಲ್ಲ. ಮುಂದಿನ ಎಡಗಡೆಯದ್ದು ಮಾತ್ರ, ಸದಾನಂದ ಹಾರ್ನ್ ಒತ್ತಿದಾಗಲೆಲ್ಲ ತಾನಾಗಿಯೇ ತೆರೆದುಕೊಂಡು, ಅಲ್ಲಿ ಕೂತಿದ್ದ ಪರಪ್ಪನವರನ್ನು ರಸ್ತೆಗೆ ತೋರಿಸುತ್ತಿತ್ತು.

"ಹಾರ್ನ್ ಒತ್ತಬ್ಯಾಡ್ರಿ!"

"ಎದುರು ಎತ್ತಿನಗಾಡಿ ಉಂಟು!"

"ಬಾಯಿಲೆ ಒದರ್ರಿ!"

ವಿಕ್ರೋಲಿಯಲ್ಲಿ ಅದು ನೀರು ಕುಡಿಯಿತು. ಘಾಟ್ಕೋಪರಿನಲ್ಲಿ ಮತ್ತೆ ಕುಡಿಯಿತು. ಮದುವೆ ಮನೆಯ ಅಡಿಗೆಯವರು ಕೂಡ ಅಷ್ಟು ನೀರು ಖರ್ಚು ಮಾಡಿದ್ದನ್ನು ಸದಾನಂದ ನೋಡಿರಲಿಲ್ಲ. ಕುರ್ಲಾದ ರೈಲ್ವೆ ಗೇಟಿನ ಹತ್ತಿರ ಬಂದಾಗ ಗಂಟೆ ಮೂರೂವರೆ. ಗೇಟು ತೆರೆದೇ ಇತ್ತು. ಕಾರು ಹಳಿಯ ಮೇಲೆ ಹತ್ತಿತು, ಒಮ್ಮೆ ಸೀನಿತು, ನಿಂತಿತು.

ಆ ನಿಶ್ಶಬ್ದದಲ್ಲಿ ಮೈಲಿಯ ಅಂಕಿಗಳು ಮೆಲ್ಲಗೆ ಉರುಳಿದ್ದು ಪರಪ್ಪನವರಿಗೆ ಕಂಡಿತು. ಐದು ಸೊನ್ನೆಗಳು ಸಾಲಾಗಿ ಬಂದು ನಿಂತವು.

"ನೋಡ್ರಿ, ನೋಡ್ರಿ! ಲಕ್ಷ ತುಂಬಿತು! ಗಾಡಿ ಹೊಸಾದಾತು!"

"ಸಾಯಲಿ ನಿಮ್ಮ ಹೊಸದು! ಇಳಿದು ತಳ್ಳಿ!" ಎಂದು ಕೂಗಿದ ಸದಾನಂದ. ಅಷ್ಟರಲ್ಲಿ ಗೇಟಿನವನು ಸೀಟಿ ಊದುತ್ತ ಕೆಂಪು ಬಾವುಟ ಹಿಡಿದು ಓಡಿಬಂದ. ದೂರದಲ್ಲಿ ಲೋಕಲ್ ರೈಲಿನ ಸದ್ದು ಕೇಳಿಸಿತು.

ನೀಲಾವತಿಯಕ್ಕನನ್ನು ಇಳಿಸೋಣವೆಂದರೆ ಬಾಗಿಲು ತೆರೆಯದು. ಕಿಟಕಿಯಿಂದ ಎಳೆಯೋಣವೆಂದರೆ ಹಲಸಿನಹಣ್ಣು ಅಡ್ಡ.

"ಹಣ್ಣು ಬಿಡಿ ಅಕ್ಕಾ!"

"ಇಷ್ಟು ದೂರ ತಂದು ಬಿಡುವುದಾ?"

"ರೈಲು ಬರ್ತಾ ಉಂಟು!"

"ಅದಕ್ಕೆ ನೀವು ಬೇಗ ತಳ್ಳಿ!"

ಪಾಳಿ ಮುಗಿಸಿ ಬರುತ್ತಿದ್ದ ಏಳೆಂಟು ಮಂದಿ ಮಿಲ್ಲಿನವರು ಓಡಿಬಂದು ಹೆಗಲು ಕೊಡದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕಾರಿನ ಹಿಂಬದಿ ಹಳಿ ದಾಟಿದ್ದಕ್ಕೂ ರೈಲು ಧಡಧಡನೆ ಹಾಯ್ದು ಹೋದದ್ದಕ್ಕೂ ನಡುವೆ ಬಹಳ ಹೊತ್ತಿರಲಿಲ್ಲ. ಸದಾನಂದ ರಸ್ತೆಯ ಬದಿಯಲ್ಲಿ ಕೂತು ಜೇಬಿನ ಕಾಗದ ನೆಟ್ಟಗಿದೆಯೇ ಎಂದು ತೆಗೆದು ನೋಡಿದ. ಹತ್ತು ನಿಮಿಷ ತಳ್ಳಿದ ಮೇಲೆ ಕಾರು ತನಗೇ ಮನಸ್ಸು ಬಂದಂತೆ ಮತ್ತೆ ಶುರುವಾಯಿತು.

ಬಿಲ್ಡಿಂಗಿನ ಗೇಟು ಸೇರಿದಾಗ ಐದಕ್ಕೆ ಐದು ನಿಮಿಷ. ಸರಿಯಾಗಿ ಗೇಟಿನ ಒಳಗೆ, ದಾರಿಗೆ ಅಡ್ಡವಾಗಿ ನಿಂತು, ಕಾರು ಕೊನೆಯ ಬಾರಿ ಸೀನಿತು. ವಿನೋದಿನಿ ಕೆಳಗೆ ಓಡಿಬಂದಳು. ಕಾರು ನೋಡಿದಳು, ಗಂಡನನ್ನು ನೋಡಿದಳು, ಇಬ್ಬರಲ್ಲಿ ಯಾರಿಗೆ ಮೊದಲು ನೀರು ಕೊಡಬೇಕೆಂದು ತಿಳಿಯದೆ ನಿಂತಳು.

"ಕಾಗದ ಚೊಕ್ಕ ಉಂಟು" ಎಂದ ಸದಾನಂದ ಉಸಿರು ತಿರುಗಿಸಿಕೊಳ್ಳುತ್ತ. "ಒಂದು ಪೈಸೆ ಸಾಲ ಇಲ್ಲ. ಇನ್ನು ಮಾವ ಬರಲಿ."

ಅಷ್ಟರಲ್ಲಿ ಹೊರಗೆ ಒಂದು ಕಾರು ಬಂದು ನಿಂತಿತು. ಸದಾನಂದ ತಿರುಗಿ ನೋಡಿದ. ನಂಬರು ಓದುವ ಅಗತ್ಯವಿರಲಿಲ್ಲ. ಬಾನೆಟ್ಟಿನ ಮೇಲೆ ವಿನೋದಿನಿ ಕಳೆದ ಶುಕ್ರವಾರ ಹಚ್ಚಿದ ಕುಂಕುಮದ ಬೊಟ್ಟು ಇನ್ನೂ ಹಾಗೆಯೇ ಇತ್ತು. ಸ್ಟಿಯರಿಂಗ್ ಹಿಡಿದು ಕೂತವನು ಅಣ್ಣು. ಹಿಂದಿನ ಸೀಟಿನಿಂದ ಬಿಳಿ ಪಂಚೆ ಸರಿಪಡಿಸಿಕೊಳ್ಳುತ್ತ ಇಳಿದವರು ಮೋನಪ್ಪ ಮಾವ.

ವಿನೋದಿನಿಯ ಕೈ ತಾನಾಗಿಯೇ ಬಾಯಿಯ ಮೇಲೆ ಹೋಯಿತು. ಪರಪ್ಪ, "ಅರೆ, ಇದು ನಮ್ಮ" ಎಂದು ಶುರುಮಾಡಿದವರು ಅವಳ ಕಣ್ಣು ಕಂಡು, "ನಮ್ಮ... ದೇಶದಾಗ ಎಂಥೆಂಥಾ ಕಾರು ಬಂದಾವ್ರಿ" ಎಂದು ಮುಗಿಸಿದರು.

"ಹೆದರಿದೆಯಾ ಸದಾ?" ಮಾವ ಗಟ್ಟಿಯಾಗಿ ನಕ್ಕರು. "ನಿನ್ನನ್ನು ಬೆಚ್ಚಿಬೀಳಿಸಬೇಕು ಅಂತಲೇ ಹೇಳದೆ ತಂದೆ. ಇವತ್ತು ಮಧ್ಯಾಹ್ನ ತಗೊಂಡದ್ದು. ನೀನು ಕಾರು ತಗೊಂಡೆ ಅಂತ ಕೇಳಿದ ದಿನದಿಂದ ನನಗೂ ಆಸೆ. ಇರಲಿ, ಮೊದಲು ನಿನ್ನದು ನೋಡುವ."

ಅವರು ಕಪ್ಪು ಕಾರಿಗೆ ಒಂದು ಸುತ್ತು ಬಂದರು. ಬಗ್ಗಿ ಮೈಲಿಯ ಲೆಕ್ಕ ನೋಡಿದರು.

"ಮೂರೇ ಮೈಲಿಯಾ? ಇಷ್ಟು ದಿನ ಇದನ್ನು ಹೆಗಲ ಮೇಲೆ ಹೊತ್ತುಕೊಂಡಿದ್ದೆಯಾ?"

"ಸ್ವಲ್ಪ ದೂರ ಹೌದು, ಮಾವ" ಎಂದ ಸದಾನಂದ. ಅದು ಅವನು ಆ ದಿನ ಆಡಿದ ಮೊದಲ ನಿಜ.

ಹಿಂದಿನ ಸೀಟಿನಲ್ಲಿ ಇನ್ನೂ ಹಣ್ಣಿನೊಂದಿಗೆ ಸಿಕ್ಕಿಕೊಂಡಿದ್ದ ನೀಲಾವತಿಯಕ್ಕ ಒಳಗಿನಿಂದಲೇ ಕೈ ಮುಗಿದರು. ಮಾವ ಅವರಿಗೂ ಒಂದು ನಮಸ್ಕಾರ ಹಾಕಿ, ಕಾಗದ ತೆಗೆದುಕೊಂಡು, ಕನ್ನಡಕ ಏರಿಸಿ ಅಕ್ಷರ ಅಕ್ಷರ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು.

"ಭೇಷ್! ಸಾಲದ ಸುಳಿವಿಲ್ಲ. ಹಳೆಯದಾದರೂ ಸ್ವಂತದ್ದು. ಹೇಳಿದ ಮಾತು ನಿಜವೇ."

ಸದಾನಂದನಿಗೆ ಕುರ್ಲಾದ ಹಳಿ, ಎಮ್ಮೆಯಂಥ ಕಾರು, ಎಲ್ಲವೂ ಮರೆತುಹೋಯಿತು. ದಾದರಿನ ಗಲ್ಲೆಯ ತಾಮ್ರದ ಹಿಡಿಕೆ ಕಣ್ಣ ಮುಂದೆ ಹೊಳೆಯಿತು.

"ಅದಕ್ಕೇ ಈಗ ತೀರ್ಮಾನ ಸುಲಭವಾಯ್ತು" ಎಂದರು ಮಾವ. "ಗಲ್ಲೆ ಅಣ್ಣುವಿಗೆ."

"ಆಂ?"

"ಇಡೀ ಹಣ ಎಣಿಸಿಟ್ಟು ಕಾರು ಕೊಳ್ಳುವವನಿಗೆ ನನ್ನ ಗಲ್ಲೆ ಎಂತಕ್ಕೆ? ಈ ಅಣ್ಣುವಿನ ಹತ್ತಿರ ಒಂದು ಸೈಕಲ್ಲೂ ಇಲ್ಲ, ಪಾಪ. ಹಾಗಂತ ನಿನ್ನನ್ನು ಬಿಡ್ತೇನಾ? ಹೋಟೇಲು ಅವನಿಗೆ, ಈ ಹೊಸ ಕಾರು ನಿನಗೆ. ಅಳಿಯಂದಿರಿಬ್ಬರೂ ನನಗೆ ಒಂದೇ."

ವಿನೋದಿನಿಯೇ ಧೈರ್ಯ ಮಾಡಿ ಕೇಳಿದಳು, "ಹೊಸ ಕಾರು ನಗದು ಕೊಟ್ಟು ತಗೊಂಡದ್ದಾ ಮಾವಾ?"

"ಮುಂಗಡ ನಾನು ನಗದು ಎಣಿಸಿದ್ದು. ಉಳಿದದ್ದು ಕಂತು. ಹದಿನೆಂಟು ಉಂಟು."

"ಕಂತಾ! ನೀವು ಸಾಲ ಮಾಡಿದಿರಾ ಮಾವ?" ಎಂದ ಸದಾನಂದ ಕೀರಲು ದನಿಯಲ್ಲಿ.

ಮಾವನಿಗೆ ಸಿಟ್ಟು ಬಂತು. "ನಾನು ಸಾಲ ಮಾಡುವುದುಂಟಾ? ಕಾಗದ ನಿನ್ನ ಹೆಸರಿನಲ್ಲಿ ಉಂಟು. ನಿನಗೆ ಬರುವ ವಸ್ತು, ಕಂತು ನೀನು ಕಟ್ಟುವುದು ನ್ಯಾಯ. ಮತ್ತೆ ಒಂದು ವಿಚಿತ್ರ ಕೇಳು. ಆ ಆಫೀಸಿನವರಿಗೆ, ಸಾಂತಾಕ್ರೂಜಿನ ಹೋಟೇಲಿನ ಸದಾನಂದ ಅಂತ ಬರೆಯಿರಿ ಅಂದೆ. ಅವರು ಕಾಗದ ನೋಡಿ, ಬರೆಯುವುದೇ ಬೇಡ, ಮೊದಲೇ ಹಾಗೇ ಉಂಟು ಅಂದ್ರು! ನಿನ್ನ ಹೆಸರಿನವ ಇನ್ನೊಬ್ಬ ಇದ್ದಾನಂತೆ ಇಲ್ಲಿ. ಅವನೂ ಹೋಟೇಲಿನವನೇ. ಕಂತು ಕಟ್ಟಲಿಕ್ಕೆ ಕೂಡದೆ ಇವತ್ತು ಬೆಳಿಗ್ಗೆ ಕಾರು ಬಿಟ್ಟು ಓಡಿದನಂತೆ. ನಿನಗೆ ಗೊತ್ತುಂಟಾ ಅವನು?"

ಎಲ್ಲರೂ ಸದಾನಂದನನ್ನು ನೋಡಿದರು. ನೀಲಾವತಿಯಕ್ಕ ಕೂಡ ಗಾಜಿಗೆ ಮೂಗು ಒತ್ತಿ ನೋಡಿದರು.

"ಸ್ವಲ್ಪ ಗೊತ್ತು" ಎಂದ ಸದಾನಂದ.

"ಎಂಥ ಜನ?"

"ಬಡಪಾಯಿ, ಮಾವ."

"ಛಲೋ ಮನಷ್ಯಾರಿ" ಎಂದರು ಪರಪ್ಪ ಮರುಕದಿಂದ. "ಮಂದಿ ಮಾತು ಭಾಳ ಕೇಳ್ತಾನ, ಅದೊಂದಾ ತಪ್ಪು."

"ಮಂಗ ಅಂತ ಹೇಳಿ!" ಎಂದರು ಮಾವ. "ಇಷ್ಟು ಒಳ್ಳೆಯ ಕಾರು ಬಿಟ್ಟು ಯಾರಾದರೂ ಹೋಗ್ತಾರಾ?"

ಅಷ್ಟಾದರೂ ಸದಾನಂದನ ಮನಸ್ಸಿನ ಒಂದು ಮೂಲೆಯಲ್ಲಿ ಸಣ್ಣ ಆಸೆಯೊಂದು ಎದ್ದಿತು. ಗಲ್ಲೆ ಹೋದರೆ ಹೋಗಲಿ. ಕಂತು ಮೊದಲೂ ಇತ್ತು, ಈಗಲೂ ಇರಲಿ. ಫಿಯಟ್ ಆದರೂ ಮನೆಗೆ ಮರಳಿತಲ್ಲ! ಅವನು ಬಾಗಿ ಮಾವನ ಕಾಲು ಮುಟ್ಟಿ, ಬೀಗದಕೈಗೆ ಕೈ ಒಡ್ಡಿದ.

ಮಾವ ಆ ಅಂಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಅಕ್ಕರೆಯಿಂದ ಮುಚ್ಚಿದರು.

"ಈಗಲ್ಲ ಮಾರಾಯ! ಮಾವನದ್ದು ಅಳಿಯನಿಗೆ ಬರುವುದು ಮಾವ ಹೋದ ಮೇಲೆ. ಅಲ್ಲಿಯವರೆಗೆ ಕಾರು ದಾದರಿನಲ್ಲಿ ಇರ್ತದೆ, ಅಣ್ಣು ಓಡಿಸ್ತಾನೆ. ಪ್ರತಿ ತಿಂಗಳು ಐದನೇ ತಾರೀಕು ಕಂತು ಮರೆಯಬೇಡ. ಬರ್ತೇನೆ, ದಾರಿ ಬಿಡಿಸು. ನಿನ್ನ ಕಾರು ಅಡ್ಡ ನಿಂತಿದೆ, ನಮಗೆ ಒಳಗೆ ಬಂದು ತಿರುಗಿಸಬೇಕು."

ಸದಾನಂದ, ವಿನೋದಿನಿ, ಪರಪ್ಪ ಮೂವರೂ ಕಪ್ಪು ಕಾರಿಗೆ ಹೆಗಲು ಕೊಟ್ಟರು. ಒಳಗೆ ನೀಲಾವತಿಯಕ್ಕ ಹಲಸಿನಹಣ್ಣು ಹಿಡಿದು ಕೂತೇ ಇದ್ದರು.

"ಮಾವನಿಗೆ ಈಗ ಎಷ್ಟು ವರ್ಷ?" ವಿನೋದಿನಿ ತಳ್ಳುತ್ತ ಮೆಲ್ಲಗೆ ಕೇಳಿದಳು.

"ಅರವತ್ತೊಂದು."

"ಅವರ ಅಮ್ಮನಿಗೆ?"

"ಅಜ್ಜಿಗಾ? ಎಂಬತ್ತೈದು. ಊರಿನಲ್ಲಿ ಈಗಲೂ ಗದ್ದೆಗೆ ಹೋಗ್ತಾರೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೂ ಜೋರಾಗಿ ತಳ್ಳಿದಳು. ಹಿಂದೆ ಫಿಯಟ್ಟಿನ ಹಾರ್ನ್ ಎರಡು ಸಲ ಕೂಗಿತು, ಬೇಗ ಬೇಗ ಎಂದು. ಆರು ತಿಂಗಳು ಸದಾನಂದ ತಾನೇ ಒತ್ತಿದ ಹಾರ್ನ್ ಅದು. ಎದುರಿನವರಿಗೆ ಅದು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.